ಕಾಯುವುದರ ಖರ್ಚು

ನಡುರಾತ್ರಿ ಬಚ್ಚಲುಮನೆಗೆ ಹೊರಟ ಅಮ್ಮ ಕತ್ತಲಲ್ಲಿ ಸ್ವಿಚ್ಚಿಗಾಗಿ ಗೋಡೆ ತಡವುತ್ತಿದ್ದುದನ್ನು ಕಂಡ ಮೇಲೆ, ಪ್ಯಾಸೇಜಿಗೆ ಸೆನ್ಸರ್ ದೀಪ ಹಾಕಿಸಲೇಬೇಕು ಅನಿಸಿತು. ಯಾರಾದರೂ ಬಂದರೆ ತಾನೇ ಹತ್ತುತ್ತದೆ, ಹೋದ ಸ್ವಲ್ಪ ಹೊತ್ತಿಗೆ ತಾನೇ ಆರುತ್ತದೆ. ಹಳೇ ಸ್ವಿಚ್ ಕಿತ್ತು ಆ ಜಾಗದಲ್ಲಿ ಸೆನ್ಸರ್ ಕೂರಿಸಿದರಾಯಿತು, ಹತ್ತು ನಿಮಿಷದ ಕೆಲಸ ಎಂದುಕೊಂಡಿದ್ದೆ.

ಎಲೆಕ್ಟ್ರಿಷಿಯನ್ ಎಂಸಿಬಿ ಇಳಿಸಿದ. ಬೋರ್ಡ್ ಬಿಚ್ಚಿ, ಟೆಸ್ಟರ್ ಇಟ್ಟು ಕರೆಂಟಿಲ್ಲವೆಂದು ಖಾತ್ರಿ ಮಾಡಿಕೊಂಡು, ತಂತಿಗಳನ್ನು ಎಳೆದು ನೋಡಿ ತಲೆಯಾಡಿಸಿದ. ‘ಇಲ್ಲಿ ನ್ಯೂಟ್ರಲ್ಲೇ ಇಲ್ವಲ್ಲ ಸಾರ್!’

ಹಳೇ ಮನೆಗಳಲ್ಲಿ ಇದು ಮಾಮೂಲಿಯಂತೆ. ಫೇಸ್ ತಂತಿ ಸ್ವಿಚ್ಚಿಗೆ ಬಂದು, ಅಲ್ಲಿಂದ ಬಲ್ಬಿಗೆ ಹೋಗುತ್ತದೆ. ನ್ಯೂಟ್ರಲ್ ಸ್ವಿಚ್ಚಿನ ತಂಟೆಗೇ ಬಾರದೆ ನೇರವಾಗಿ ಬಲ್ಬಿಗೆ ಸೇರಿರುತ್ತದೆ. ಸ್ವಿಚ್ ಬರೀ ಬಾಗಿಲು. ತೆರೆದರೆ ತೆರೆಯಿತು, ಮುಚ್ಚಿದರೆ ಮುಚ್ಚಿತು; ಅದಕ್ಕೆ ಊಟೋಪಚಾರ ಬೇಡ. ಸೆನ್ಸರ್ ಹಾಗಲ್ಲ, ಅದು ಬಾಗಿಲಲ್ಲಿ ಕೂತ ಕಾವಲುಗಾರ. ದೀಪ ಆರಿದ್ದಾಗಲೂ ಅದರೊಳಗಿನ ಪುಟ್ಟ ಸರ್ಕ್ಯೂಟ್ ನಡೆಯುತ್ತಲೇ ಇರಬೇಕು. ಬಂದ ಕರೆಂಟು ಹಿಂದಿರುಗಲು ದಾರಿ ಬೇಕು. ಆದ್ದರಿಂದ ಮೂರು ತಂತಿ: ಫೇಸ್, ನ್ಯೂಟ್ರಲ್, ಮೂರನೆಯದು ಬಲ್ಬಿಗೆ. ಸೀಲಿಂಗಿನಿಂದ ಪೈಪಿನೊಳಗೆ ಹೊಸ ತಂತಿ ಎಳೆಯುವಷ್ಟರಲ್ಲಿ ಮಧ್ಯಾಹ್ನವಾಯಿತು.

ಸೆನ್ಸರಿನ ಹಾಲುಬಿಳುಪಿನ ಗುಬುಟು ನಮ್ಮ ಮೇಲೆ ಯಾವ ಕಿರಣವನ್ನೂ ಬಿಡುವುದಿಲ್ಲ. ನಮ್ಮ ಮೈಯಿಂದಲೇ ಹೊಮ್ಮುವ ಇನ್ಫ್ರಾರೆಡ್ ಕಿರಣಗಳಿಗೆ ಕಾದು ಕೂತಿರುತ್ತದೆ. ಅದರ ಲೆನ್ಸಿನ ಗೆರೆಗಳು ಪ್ಯಾಸೇಜನ್ನು ಕಾಣದ ಪಟ್ಟಿಗಳಾಗಿ ಭಾಗ ಮಾಡಿವೆ. ನಾವು ಒಂದು ಪಟ್ಟಿಯಿಂದ ಇನ್ನೊಂದಕ್ಕೆ ದಾಟಿದಾಗ ಶಾಖದಲ್ಲಿ ಆಗುವ ಏರಿಳಿತವೇ ಅದಕ್ಕೆ ಸುದ್ದಿ. ಅದಕ್ಕೇ ಎದುರಿಗೆ ನೇರ ನಡೆದು ಬರುವವರಿಗಿಂತ ಅಡ್ಡ ಹಾಯುವವರು ಅದಕ್ಕೆ ಬೇಗ ತಿಳಿಯುತ್ತಾರೆ. ಗೋಡೆಯೂ ಮೈಯಷ್ಟೇ ಕಾಯುವ ಬಿರುಬೇಸಿಗೆಯಲ್ಲಿ ಮಾತ್ರ ತುಸು ಮಂಕಾಗುತ್ತದೆ.

ಡಬ್ಬಿಯ ಮೇಲೆ ಒಂದು ಅಂಕಿ ಇತ್ತು. ಸುಮ್ಮನೆ ಕಾಯುವಾಗ ಸೆನ್ಸರ್ ಬಳಸುವುದು 0.5 ವ್ಯಾಟ್. ಅಷ್ಟೇ ತಾನೆ ಎಂದು ಲೆಕ್ಕ ಹಾಕಿದೆ. ದಿನದ 24 ಗಂಟೆಯೂ ಎಂದರೆ ವರ್ಷಕ್ಕೆ 4.38 ಯೂನಿಟ್. ಇನ್ನು 9 ವ್ಯಾಟಿನ ಎಲ್‌ಇಡಿ ಬಲ್ಬು ರಾತ್ರಿಗೆ ಒಟ್ಟು 10 ನಿಮಿಷ ಉರಿದರೆ ವರ್ಷಕ್ಕೆ ಅರ್ಧ ಯೂನಿಟ್ಟಿಗಿಂತ ಚೂರು ಹೆಚ್ಚು. ಬೆಳಗುವುದಕ್ಕೆ ಬೇಕಾದದ್ದರ ಎಂಟು ಪಟ್ಟು ಕಾಯುವುದಕ್ಕೇ ಬೇಕು!

ಲೆಕ್ಕ ಬರೆದ ಚೀಟಿ ಕೈಯಲ್ಲೇ ಉಳಿಯಿತು. ಕಾಲೇಜಿನ ದಿನಗಳಲ್ಲಿ ಸೆಕೆಂಡ್ ಶೋ ಮುಗಿಸಿ ಬಂದು ಸದ್ದಾಗದಂತೆ ಚಿಲಕ ಎತ್ತಿದರೂ ಒಳಗೆ ದೀಪ ಹತ್ತುತ್ತಿತ್ತು. ತಂಗಿ ಒಂದು ಸಲ ಕೆಮ್ಮಿದರೆ ಸಾಕು, ಬಿಸಿನೀರಿನ ಲೋಟ ಬರುತ್ತಿತ್ತು. ದೀಪ ಹತ್ತಿದ ಆ ಗಳಿಗೆಗಳು ನಮಗೆ ನೆನಪಿವೆ. ಹತ್ತದೆ ಕಳೆದ ರಾತ್ರಿಗಳನ್ನು ಮನೆಯಲ್ಲಿ ಯಾರೂ ಎಣಿಸಲಿಲ್ಲ. ಆ ಎಚ್ಚರಕ್ಕೆಂದು ಬೇರೊಂದು ತಂತಿ ಎಳೆಯಬೇಕೆಂಬುದೂ ಹೊಳೆಯಲಿಲ್ಲ.

ಸಂಜೆ ಅಮ್ಮ ಪ್ಯಾಸೇಜಿನಲ್ಲಿ ಎರಡು ಸಲ ಅತ್ತಿತ್ತ ನಡೆದು, ದೀಪ ಹತ್ತಿದ್ದನ್ನು ಕಂಡು ಮಗುವಿನಂತೆ ನಕ್ಕರು. ಆಮೇಲೆ ತಲೆಯೆತ್ತಿ ಆ ಗುಬುಟನ್ನೇ ನೋಡುತ್ತಾ ಕೇಳಿದರು: ‘ರಾತ್ರಿಯೆಲ್ಲ ಇದು ಹೀಗೇ ಎದ್ದಿರತ್ತೇನೋ? ಪಾಪ!’