ಚೋಮನ ದುಡಿ ಎಂಜಾಯ್ ಮಾಡಿದ್ರಾ?

ನಮ್ಮ ಆಫೀಸಿನಲ್ಲಿ ಶುಕ್ರವಾರದ ಊಟದ ಟೇಬಲ್ಲಿಗೆ ಒಂದು ಅಲಿಖಿತ ನಿಯಮವಿದೆ. ಡೆಡ್‌ಲೈನ್, ಅಪ್ರೈಸಲ್, ಸಿಲ್ಕ್ ಬೋರ್ಡ್ ಟ್ರಾಫಿಕ್, ಇವುಗಳ ಮಾತು ಎತ್ತಬಾರದು. ಸದ್ಯ ಯಾವ ಕಾದಂಬರಿ ಓದ್ತಿದೀರಿ, ಹೇಗಿದೆ ಅಂತ ಒಬ್ಬೊಬ್ಬರಾಗಿ ಹೇಳಬೇಕು. ಕಳೆದ ತಿಂಗಳು ತಂಡಕ್ಕೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಮೊಸರನ್ನ ಕಲಸ್ತಾ, "ಚೋಮನ ದುಡಿ ಓದ್ತಿದೀನಿ, ಸಖತ್ ಎಂಜಾಯ್ ಮಾಡ್ತಿದೀನಿ" ಅಂದಳು. ಎದುರಿಗಿದ್ದ ಹಿರಿಯರೊಬ್ಬರು ಚಮಚ ಕೆಳಗಿಟ್ಟು, "ಎಂಜಾಯ್ ಮಾಡೋ ಪುಸ್ತಕಾನೇನಮ್ಮಾ ಅದು?" ಅಂದರು. ಆಕೆ ಪೆಚ್ಚಾದಳು. ಮಾತು ಬೇರೆ ಕಡೆ ಹೋಯಿತು.

ನನ್ನ ತಲೆಯಲ್ಲಿ ಮಾತ್ರ ಅದು ಕೂತುಬಿಟ್ಟಿದೆ. ಯಾಕಂದ್ರೆ ಆಕೆ ಸುಳ್ಳು ಹೇಳಲಿಲ್ಲ. ಪುಟ ತಿರುಗಿಸಿದ್ದು, ನಿದ್ದೆಗೆಟ್ಟು ಓದಿದ್ದು, ಮುಂದೇನು ಅಂತ ಚಡಪಡಿಸಿದ್ದು, ಇದಕ್ಕೆಲ್ಲ ಖುಷಿ ಅನ್ನದೆ ಇನ್ನೇನು ಅನ್ನಬೇಕು? ಹಾಗಂತ ಹಿರಿಯರ ಪ್ರಶ್ನೆಯೂ ಬರೀ ಕೊಂಕಲ್ಲ. ಶಿವರಾಮ ಕಾರಂತರು 1933ರಲ್ಲಿ ಪ್ರಕಟಿಸಿದ ಆ ಪುಟ್ಟ ಕಾದಂಬರಿಯಲ್ಲಿ ಚೋಮನ ಆಸೆ ಇಷ್ಟೇ: ಸ್ವಂತಕ್ಕೆ ಒಂದಿಷ್ಟು ಭೂಮಿ ಉಳಬೇಕು. ಅವನ ಬಳಿ ಎತ್ತುಗಳಿವೆ, ತೋಳಲ್ಲಿ ಕಸುವಿದೆ. ಆದರೆ ಅವನ ಜಾತಿಯವರು ಬೇಸಾಯ ಮಾಡುವಂತಿಲ್ಲ. ಎಸ್ಟೇಟಿನ ಸಾಲ ಮನೆಯನ್ನೇ ನುಂಗುತ್ತೆ. ಒಬ್ಬ ಮಗ ಜ್ವರಕ್ಕೆ ಹೋಗ್ತಾನೆ, ಇನ್ನೊಬ್ಬ ಮತಾಂತರವಾಗಿ ದೂರವಾಗ್ತಾನೆ, ಮಗಳು ಬೆಳ್ಳಿಯ ಬದುಕು ಸಾಲದ ಲೆಕ್ಕಕ್ಕೆ ಜಮೆಯಾಗುತ್ತೆ. ಕೊನೆಗೆ ಉಳಿಯುವುದು ದುಡಿಯ ಸದ್ದು, ಆಮೇಲೆ ಅದೂ ಇಲ್ಲ. ಇಷ್ಟು ಓದಿ ನನಗೆ ಖುಷಿಯಾಯ್ತು ಅಂದ್ರೆ, ಖುಷಿಯಾದದ್ದು ಯಾವುದಕ್ಕೆ?

ಈ ತಲೆಬಿಸಿ ನಮ್ಮದೇ ಮೊದಲಲ್ಲ ಅನ್ನೋದು ಸ್ವಲ್ಪ ಸಮಾಧಾನ. ನಮ್ಮ ಕಾವ್ಯದ ಕಥೆ ಶುರುವಾಗೋದೇ ಬೇಡನ ಬಾಣಕ್ಕೆ ಬಿದ್ದ ಒಂದು ಕ್ರೌಂಚ ಪಕ್ಷಿಯಿಂದ, ಅದನ್ನು ನೋಡಿ ವಾಲ್ಮೀಕಿಯ ಬಾಯಲ್ಲಿ ಶೋಕ ಶ್ಲೋಕವಾದದ್ದರಿಂದ. 14ನೇ ಶತಮಾನದ ವಿಶ್ವನಾಥ ತನ್ನ 'ಸಾಹಿತ್ಯದರ್ಪಣ'ದಲ್ಲಿ ಕೇಳುವ ಪ್ರಶ್ನೆ ನಮ್ಮ ಊಟದ ಟೇಬಲ್ಲಿನದೇ: ಕರುಣ ರಸ ನಿಜಕ್ಕೂ ದುಃಖವೇ ಆಗಿದ್ದರೆ ಅದರ ಹತ್ತಿರ ಯಾರು ಸುಳೀತಿದ್ರು? ರಾಮಾಯಣವನ್ನು ಯಾರು ಓದ್ತಿದ್ರು? ಆದ್ದರಿಂದ ಅದು ಆನಂದವೇ ಅಂತ ಅವನ ತೀರ್ಪು. ನನಗೆ ಇದು ಒಂಚೂರು ಅವಸರದ ವಾದ ಅನ್ಸುತ್ತೆ.

ಅವನಿಗಿಂತ ಮೊದಲೇ, 12ನೇ ಶತಮಾನದ ಗುಜರಾತಿನಲ್ಲಿ, ಹೇಮಚಂದ್ರನ ಶಿಷ್ಯರಾದ ರಾಮಚಂದ್ರ ಮತ್ತು ಗುಣಚಂದ್ರ ಎಂಬಿಬ್ಬರು ಜೈನ ಪಂಡಿತರು 'ನಾಟ್ಯದರ್ಪಣ' ಬರೆದರು. ಅವರು ಹೇಳಿದ್ದು ಬೇರೆ. ಎಲ್ಲ ರಸವೂ ಸುಖವಲ್ಲ, ಕರುಣ ನೋವೇ. ಆದರೂ ಜನ ಯಾಕೆ ಹೋಗ್ತಾರೆ ಅಂದ್ರೆ ಕವಿಯ, ನಟನ ಕೌಶಲ ಕೊಡುವ ಬೆರಗಿಗಾಗಿ. ಅವರು ಕೊಡುವ ಹೋಲಿಕೆ ಪಾನಕದ್ದು. ಖಾರ ಸೇರಿದ್ದಕ್ಕೇ ಸಿಹಿ ಇನ್ನಷ್ಟು ಸಿಹಿ. ರಾಮನವಮಿಯ ದಿನ ಮೆಣಸು ಹಾಕಿದ ಪಾನಕ ಕುಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನನ್ನ ಓಟು ಇವರಿಗೆ. ನೋವನ್ನು ನೋವು ಅಂತಲೇ ಕರೆದು, ಅದರ ಜೊತೆ ಸುಖವೂ ಇದೆ ಅಂತ ಒಪ್ಪಿಕೊಳ್ಳೋ ಪ್ರಾಮಾಣಿಕತೆ ಇದರಲ್ಲಿದೆ.

ಆದರೆ ಇದು ರುಚಿಯ ಲೆಕ್ಕ. ನೀತಿಯ ಲೆಕ್ಕ ಇನ್ನೂ ಬಾಕಿ ಇದೆ. ಅದನ್ನು ಎತ್ತಿದ್ದು ಸಂತ ಅಗಸ್ಟೀನ್. ಸುಮಾರು 400ರ ಹೊತ್ತಿಗೆ ಬರೆದ ಆತ್ಮಕಥನದಲ್ಲಿ ಅವನು ಕಾರ್ಥೇಜಿನಲ್ಲಿ ಓದುವಾಗ ನಾಟಕದ ಹುಚ್ಚು ಹಿಡಿಸಿಕೊಂಡಿದ್ದನ್ನು ಹೇಳಿಕೊಳ್ತಾನೆ. ತಮಗೆ ಬರಬಾರದು ಅಂದುಕೊಳ್ಳೋ ಕಷ್ಟವನ್ನೇ ಜನ ರಂಗದ ಮೇಲೆ ನೋಡೋಕೆ ಯಾಕೆ ಮುಗಿಬೀಳ್ತಾರೆ? ಅವನ ಮುಖ್ಯ ತಕರಾರು ಇದು: ಅಲ್ಲಿ ಪ್ರೇಕ್ಷಕನನ್ನು ಸಹಾಯಕ್ಕೆ ಯಾರೂ ಕರೆಯೋದಿಲ್ಲ, ದುಃಖಪಡೋದಕ್ಕೆ ಮಾತ್ರ ಕರೀತಾರೆ.

ಈ ಮಾತು ಓದಿದಾಗ ನನಗೆ ನೆನಪಾಗಿದ್ದು ಚೋಮನ ಮಗ ನೀಲ ನೀರಲ್ಲಿ ಮುಳುಗುವ ಜಾಗ. ದಡದಲ್ಲಿ ಜನ ಇದ್ದಾರೆ. ಈಜು ಬರುವವರೂ ಇರಬಹುದು. ಆದರೆ ಮುಟ್ಟಿದರೆ ಮೈಲಿಗೆ. ಹುಡುಗ ಮುಳುಗ್ತಾನೆ. ಆ ಪುಟದಲ್ಲಿ ಓದುಗ ಎಲ್ಲಿ ನಿಂತಿದ್ದಾನೆ ಅಂತ ಯೋಚಿಸಿ ನೋಡಿ. ಅವನೂ ದಡದಲ್ಲೇ. ಮನಸ್ಸಿದ್ದರೂ ಧುಮುಕೋಕಾಗಲ್ಲ, ಅಕ್ಷರಗಳು ಬಿಡೋದಿಲ್ಲ. ದಡದಲ್ಲಿ ನಿಂತವರ ಮೇಲೆ ನಮಗೆ ಉಕ್ಕೋ ಸಿಟ್ಟಿನಲ್ಲಿ ಒಂದು ಹಗುರವಾದ ಸಮಾಧಾನವೂ ಕಲೆತಿರುತ್ತೆ: ನಾನಾಗಿದ್ರೆ ಹಾರ್ತಿದ್ದೆ. ನನಗೆ ಭಯ ಇರೋದು ಓದಿನ ಸುಖದ ಬಗ್ಗೆ ಅಲ್ಲ, ಈ ಸಮಾಧಾನದ ಬಗ್ಗೆ. ಎರಡು ಹನಿ ಕಣ್ಣೀರು ಹಾಕಿದ ಕೂಡಲೇ ಏನೋ ಬಾಕಿ ತೀರಿಸಿದ ಹಾಗೆ ಆಗುತ್ತಲ್ಲ, ಅದರ ಬಗ್ಗೆ.

ಕನ್ನಡದಲ್ಲಿ ನಾವು "ಅಯ್ಯೋ ಪಾಪ" ಅಂತೀವಿ. ಕನಿಕರಕ್ಕೂ ದುಷ್ಕೃತ್ಯಕ್ಕೂ ಒಂದೇ ಪದ. ಪಾಪ ಅಂದಾಗ ಯಾರ ಪಾಪ ಅಂತ ಯಾರೂ ಕೇಳೋದಿಲ್ಲ.

ಓದುವವರು ಯಾರು ಅನ್ನೋದರ ಮೇಲೂ ಇದು ನಿಂತಿದೆ. ದಲಿತ ಕುಟುಂಬದಿಂದ ಬಂದ ಗೆಳೆಯನೊಬ್ಬ ಒಮ್ಮೆ, "ನೀವು ಅಳೋ ಪುಟದಲ್ಲಿ ನನಗೆ ಬೋರ್ ಆಗುತ್ತೆ ಮಾರಾಯ, ಅದು ನಮಗೆ ನ್ಯೂಸ್ ಅಲ್ಲ" ಅಂದಿದ್ದ. ಅವನು ಪದೇಪದೇ ಓದೋದು ದೇವನೂರ ಮಹಾದೇವರ 'ಕುಸುಮಬಾಲೆ'. ಅಲ್ಲಿ ಕೊಲೆ ಇದೆ, ಜಾತಿಯ ಕ್ರೌರ್ಯ ಇದೆ. ಆದರೆ ದೀಪದ ಜೋತಮ್ಮಗಳು ರಾತ್ರಿ ಕೂತು ಲೋಕದ ಸುದ್ದಿ ಹರಟುತ್ತವೆ, ಮಾತು ಹಾಡಿನ ಹಾಗೆ ಬಾಗುತ್ತೆ. ಆ ನುಡಿ ಅವನ ಅಜ್ಜಿಯ ಬಾಯಿಂದ ಬಂದ ಹಾಗಿದೆಯಂತೆ. "ಇದನ್ನ ಎಂಜಾಯ್ ಮಾಡ್ತೀನಿ, ಅದರಲ್ಲೇನು ನಾಚಿಕೆ" ಅಂತಾನೆ. ಅವನು ದಡದಲ್ಲಿ ನಿಂತು ಓದುವವನಲ್ಲ, ಅದಕ್ಕೇ ಅವನಿಗೆ ನಗೋ ಹಕ್ಕೂ ಇದೆ. ನಮ್ಮಂಥವರಿಗೆ ಆ ಕಾದಂಬರಿ ಮೊದಲ ಹತ್ತು ಪುಟ ತಡವರಿಸುವಂತೆ ಮಾಡುತ್ತೆ. ಮಾಡಲಿ.

ನಮಗೆ ಹೆಚ್ಚು ಇರಿಯೋದು, ಬಹುಶಃ, ನಮ್ಮನ್ನು ನಗಿಸಿ ಒಳಗೆ ಕೂರಿಸಿಕೊಳ್ಳೋ ಕಾದಂಬರಿಗಳು. ವಿವೇಕ ಶಾನಭಾಗರ 'ಘಾಚರ್ ಘೋಚರ್' ಗೊತ್ತಲ್ಲ, ಬೆಂಗಳೂರಿನ ಕಥೆ. ಇರುವೆಗಳ ಕಾಟದ ಪುಟ್ಟ ಮನೆಯಿಂದ ದೊಡ್ಡ ಮನೆಗೆ ಬಂದ ಕುಟುಂಬ, ದುಡಿಯೋ ಚಿಕ್ಕಪ್ಪ, ಅವನ ಸುತ್ತ ಒಗ್ಗಟ್ಟಾಗಿರೋ ಉಳಿದವರು. ಓದ್ತಾ ಓದ್ತಾ ಅವರು ನಮ್ಮ ಮನೆಯವರೇ ಆಗಿಬಿಡ್ತಾರೆ. ಒಂದು ದಿನ ಚಿಕ್ಕಪ್ಪನನ್ನು ಕೇಳಿಕೊಂಡು, ಅವನಿಗೆಂದು ಅಡುಗೆ ತಗೊಂಡು ಒಬ್ಬ ಹೆಂಗಸು ಬಾಗಿಲಿಗೆ ಬರ್ತಾಳೆ. ಮನೆಯ ಹೆಂಗಸರು ಅವಳ ಮೇಲೆ ಹರಿಹಾಯ್ತಾರೆ. ಕಥೆ ಹೇಳೋ ಮಗ ಸುಮ್ಮನೆ ನಿಂತಿರ್ತಾನೆ. ಇಲ್ಲಿ "ನಾನಾಗಿದ್ರೆ" ಅನ್ನೋ ಮಾತು ಅಷ್ಟು ಸಲೀಸಾಗಿ ಬಾಯಿಗೆ ಬರಲ್ಲ. ಅಷ್ಟು ಪುಟ ಆ ಮನೆಯ ಜೊತೆ ನಕ್ಕವರು ನಾವು. ನಮ್ಮ ಅಪಾರ್ಟ್‌ಮೆಂಟುಗಳಲ್ಲಿ ಮನೆಗೆಲಸದವರು ಸರ್ವೀಸ್ ಲಿಫ್ಟ್ ಬಳಸತಕ್ಕದ್ದು ಅನ್ನೋ ಬೋರ್ಡು ನೇತುಹಾಕಿದಾಗ ಮೀಟಿಂಗಿನಲ್ಲಿ ಸುಮ್ಮನೆ ಕೂತವರು ಎಷ್ಟು ಜನ, ಅವರಲ್ಲಿ ಒಳ್ಳೆಯ ಓದುಗರು ಎಷ್ಟು ಜನ!

ಅದಕ್ಕೇ ಆ ಹುಡುಗಿ ಆಡಿದ ಪದವನ್ನು ತಿದ್ದೋದು ನನಗಿಷ್ಟವಿಲ್ಲ. "ಮನ ಕಲಕಿತು" ಅಂದಿದ್ರೆ ಎಲ್ಲರೂ ತಲೆ ಆಡಿಸಿ ಊಟ ಮುಗಿಸ್ತಿದ್ರು. ಗಂಭೀರ ಪದ ಹಾಕಿಕೊಂಡರೆ ಓದು ಗಂಭೀರ ಆಗೋದಿಲ್ಲ. ನಾವು ಅವಳನ್ನು ಕೇಳಬಹುದಿತ್ತು, ಯಾವ ಪುಟ ಖುಷಿ ಕೊಡ್ತು, ಎಲ್ಲಿ ಪುಸ್ತಕ ಮಡಚಿಟ್ಟು ಎದ್ದು ಹೋಗಬೇಕು ಅನ್ನಿಸ್ತು ಅಂತ. ಕಾದಂಬರಿ ಇನ್ನೂ ಅರ್ಧದಲ್ಲಿರುವಾಗ ಇಂಥ ಪ್ರಶ್ನೆಗೆ ನಿಜವಾದ ಉತ್ತರ ಸಿಗುತ್ತೆ. ಮುಗಿಸಿದ ಮೇಲೆ ಎಲ್ಲರೂ ವಿಮರ್ಶಕರೇ.

ನನ್ನ ಸರದಿ? ಸದ್ಯ ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ಓದ್ತಿದೀನಿ, ಎರಡನೇ ಸಲ. ನಾಯಿಗುತ್ತಿ ತನ್ನ ಹುಲಿಯನ ಜೊತೆ ಕಾಡು ದಾರಿಯಲ್ಲಿ ನಡೀತಿದ್ದಾನೆ. ಗುತ್ತಿಯನ್ನು ಊರು ಎಲ್ಲಿ ನಿಲ್ಲಿಸುತ್ತೆ, ತುಂಗಾ ನದಿಯ ಹತ್ತಿರ ಹುಲಿಯನಿಗೆ ಏನಾಗುತ್ತೆ, ಎರಡೂ ನನಗೆ ಗೊತ್ತು. ಕಾಡಿನ ಈ ಪುಟಗಳು ಮಾತ್ರ ವಿಪರೀತ ಖುಷಿ ಕೊಡ್ತಿವೆ. ದಿನಕ್ಕೆ ಹತ್ತೇ ಪುಟ ಓದ್ತಿದೀನಿ.