ಕಂಡದ್ದೆಷ್ಟು, ಊಹಿಸಿದ್ದೆಷ್ಟು?

ಪುಣೆಯಲ್ಲಿ ನಾನು ವಿದ್ಯಾರ್ಥಿಗಳಿಗೆ ಬೆಳಕನ್ನು ಪ್ರೋಗ್ರಾಂ ಮಾಡುವುದನ್ನು ಕಲಿಸುತ್ತೇನೆ. ಅದಕ್ಕೆ ಬೇಕಾದ ಸಾಧನ ಸ್ಪೇಷಿಯಲ್ ಲೈಟ್ ಮಾಡ್ಯುಲೇಟರ್. ಅದೊಂದು ಪುಟ್ಟ ದ್ರವಸ್ಫಟಿಕ ಫಲಕ. ಅದರಲ್ಲಿ ಸುಮಾರು 20 ಲಕ್ಷ ಪಿಕ್ಸೆಲ್‌ಗಳು. ಪ್ರತಿಯೊಂದೂ ತನ್ನ ಮೇಲೆ ಬಿದ್ದ ಬೆಳಕಿನ ಅಲೆಯನ್ನು ನಾವು ಹೇಳಿದಷ್ಟು ತಡಮಾಡಿ ಕಳಿಸುತ್ತದೆ. 2007ರಲ್ಲಿ ನೆದರ್‌ಲೆಂಡ್ಸ್‌ನಲ್ಲಿ ವೆಲ್ಲೆಕೂಪ್ ಮತ್ತು ಮಾಸ್ಕ್ ಎಂಬ ವಿಜ್ಞಾನಿಗಳು ಇಂಥ ಸಾಧನದಿಂದಲೇ, ಅಪಾರದರ್ಶಕ ಪದರದಲ್ಲಿ ಚದುರಿಹೋಗುವ ಬೆಳಕನ್ನು ಅದರಾಚೆ ಒಂದು ಬಿಂದುವಿಗೆ ಕೂಡಿಸಿದರು.

ಈಗ ಇದಕ್ಕೆ ಮಷೀನ್ ಲರ್ನಿಂಗ್ ಜೊತೆಯಾಗಿದೆ. ಉಜ್ಜಿದ ಗಾಜಿನ ಹಿಂದೆ ಒಂದು ಅಂಕಿಯನ್ನಿಟ್ಟು ಲೇಸರ್ ಹಾಯಿಸಿದರೆ ಕ್ಯಾಮೆರಾಕ್ಕೆ ಕಾಣುವುದು ಬರೀ ಚುಕ್ಕೆಗಳ ರಾಶಿ. ಸಾವಿರಾರು ಅಂಕಿಗಳ ಮೇಲೆ ಪಳಗಿದ ನ್ಯೂರಲ್ ನೆಟ್‌ವರ್ಕ್ ಆ ರಾಶಿಯಿಂದಲೇ ಅಂಕಿಯನ್ನು ಬಿಡಿಸಿ ಕೊಡುತ್ತದೆ.

"ಚಿತ್ರ ಬಂತಲ್ಲ ಸರ್, ಹೇಗೆ ಬಂತು ಅಂತ ಯಾಕೆ ಬೇಕು? ಇಂಟರ್‌ವ್ಯೂನಲ್ಲಿ ಕೋಡ್ ಮಾತ್ರ ಕೇಳ್ತಾರೆ" ಎಂದು ಕೇಳುವ ವಿದ್ಯಾರ್ಥಿ ಪ್ರತಿವರ್ಷ ಇರುತ್ತಾನೆ. ನಾನು ಅಂಕಿಯ ಜಾಗದಲ್ಲಿ ಕನ್ನಡದ 'ಠ' ಇಡಿಸುತ್ತೇನೆ. ಅಂಕಿಗಳನ್ನಷ್ಟೇ ಕಂಡ ನೆಟ್‌ವರ್ಕ್ ಅದನ್ನೂ ಅಂಕಿಯಾಗಿಸಲು ಹೊರಡುತ್ತದೆ. ದೆಹಲಿಗೆ ಹೋದ ನಮ್ಮವರು 'ಮದ್ರಾಸಿ'ಗಳಾದದ್ದೂ ಹೀಗೆಯೇ.

ನಮ್ಮ ತಾರ್ಕಿಕರು ಪ್ರತ್ಯಕ್ಷ, ಅನುಮಾನಗಳೆರಡನ್ನೂ ಪ್ರಮಾಣವೆಂದು ಒಪ್ಪಿದ್ದರು. ಆದರೆ ಒಂದನ್ನು ಇನ್ನೊಂದೆಂದು ಹೇಳಲಿಲ್ಲ. ಊಹಿಸುವುದು ತಪ್ಪಲ್ಲ. ಊಹೆಯನ್ನು ಕಂಡದ್ದೆಂದು ಸಾಕ್ಷಿ ಹೇಳುವುದು ತಪ್ಪು. ನಾಳೆ ಅದೇ ವಿದ್ಯಾರ್ಥಿ ಅಂಗಾಂಶದೊಳಗಿನ ಜೀವಕೋಶದ ಚಿತ್ರ ತೆಗೆದಾಗ, ವೈದ್ಯರು ನಂಬುವುದು ಆ ಸಾಕ್ಷಿಯನ್ನೇ.

ನಮ್ಮ ಕಣ್ಣೂ ಊಹಿಸುವುದಿಲ್ಲವೇ? ಊಹಿಸುತ್ತದೆ. ಪ್ರತಿ ಕಣ್ಣಿಗೂ ಒಂದು ಕುರುಡುಚುಕ್ಕೆಯಿದೆ. ಅಲ್ಲಿ ಕಾಣದ್ದನ್ನು ಮಿದುಳು ತುಂಬಿಕೊಳ್ಳುತ್ತದೆ. ಆದರೆ ಅನುಮಾನ ಬಂದರೆ ಕತ್ತು ಹೊರಳಿಸಿ ಇನ್ನೊಮ್ಮೆ ನೋಡಬಹುದು.

ಮಾಡ್ಯುಲೇಟರ್ ಇರುವುದೂ ಅದಕ್ಕೇ ಎಂದು ನಾನು ನಂಬುತ್ತೇನೆ. ಹಾಗಾಗಿ ನನ್ನ ತರಗತಿಯಲ್ಲಿ ಒಂದು ನಿಯಮವಿದೆ. ನೆಟ್‌ವರ್ಕ್ ಕೊಟ್ಟ ಚಿತ್ರ ನಿಜವಾದರೆ, ಬೆಳಕಿನ ವಿನ್ಯಾಸ ಬದಲಿಸಿದಾಗ ಕ್ಯಾಮೆರಾದಲ್ಲಿ ಏನು ಕಾಣಬೇಕೆಂದು ಮೊದಲೇ ಲೆಕ್ಕಹಾಕಿ ಬರೆದಿಡಬೇಕು. ಆಮೇಲೆ ಲೇಸರ್ ಹಾಕಬೇಕು. ಹೊಂದದಿದ್ದರೆ ಚಿತ್ರ ಎಷ್ಟೇ ಚೆನ್ನಾಗಿರಲಿ, ವರದಿಗೆ ಹೋಗಕೂಡದು.

ಇದರಿಂದ ಅರ್ಧ ಸೆಮಿಸ್ಟರ್ ಹೋಗುತ್ತದೆ, ಕೆಲವರಿಗೆ ಬೇಸರವೂ ಆಗುತ್ತದೆ. 'ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು' ಎಂಬ ಗಾದೆಯನ್ನು ಕೋಡ್ ಬರೆಯುವ ಕೈಗಳಿಗೆ ರೂಢಿ ಮಾಡಿಸಲು ಅಷ್ಟು ಸಮಯ ಹೆಚ್ಚೆಂದು ನನಗನಿಸುವುದಿಲ್ಲ.