ಬಯಕೆಯೇ ಬಲೆಯಾದಾಗ

ಕೊಲ್ಲುವುದು ಪಾಪವೋ ಅಲ್ಲವೋ ಎಂಬ ಚರ್ಚೆ ನಮ್ಮ ನಾಡಿನಲ್ಲಿ ಬಹಳ ಹಳೆಯದು. ಜೈನರು, ಶರಣರು, ದಾಸರು ತಮ್ಮ ತಮ್ಮ ರೀತಿಯಲ್ಲಿ ಅದಕ್ಕೆ ಉತ್ತರ ಹೇಳಿದ್ದಾರೆ. ಆ ಪ್ರಶ್ನೆಯ ಮಗ್ಗುಲಲ್ಲೇ ಇನ್ನೊಂದು ಪ್ರಶ್ನೆಯಿದೆ. ಅದನ್ನು ಕೇಳುವವರು ಕಡಿಮೆ. ಒಂದು ಪ್ರಾಣಿಯನ್ನು ಅದರ ಬಯಕೆಯ ಮೂಲಕವೇ ಕರೆದು, ನಂಬಿ ಬಂದಾಗ ಕೊಲ್ಲುವುದು ಬರಿಯ ಕೊಲೆಗಿಂತ ಬೇರೆಯೇ? ಬೇರೆಯಾದರೆ, ದೋಷ ಹೆಚ್ಚೋ ಕಡಿಮೆಯೋ?

ಈ ಪ್ರಶ್ನೆ ನನಗೆ ಎದುರಾದದ್ದು ಗ್ರಂಥಗಳಲ್ಲಲ್ಲ, ಸಾಸವಡದ ಹಣ್ಣಿನ ತೋಟಗಳಲ್ಲಿ. ಪುಣೆಯಿಂದ ಹಡಪಸರ ದಾಟಿ ದಿವೆ ಘಾಟ್ ಏರಿದರೆ ನಮ್ಮ ಸಾಸವಡ. ಜ್ಞಾನೇಶ್ವರರ ತಮ್ಮ ಸೋಪಾನದೇವರ ಸಮಾಧಿ ಇರುವ ಊರು. ಆಷಾಢದಲ್ಲಿ ಪಂಢರಾಪುರಕ್ಕೆ ಹೊರಟ ಪಾಲಖಿ ತಂಗುವ ಊರು. ಹತ್ತಿರದಲ್ಲೇ ಪುರಂದರಗಡ. ಪುರಂದರದಾಸರ ಹುಟ್ಟೂರು ಇದೇ ಎಂಬ ಪ್ರತೀತಿಯೊಂದಿದೆ. ಅಲ್ಲ, ತೀರ್ಥಹಳ್ಳಿಯ ಕಡೆಯದು ಎನ್ನುವ ವಿದ್ವಾಂಸರೂ ಇದ್ದಾರೆ. ಏನೇ ಇರಲಿ, ಕನ್ನಡಿಗನಿಗೆ ಇಲ್ಲಿ ಪರದೇಶವೆನಿಸುವುದಿಲ್ಲ. ಇಲ್ಲಿಯ ಅಂಜೂರಕ್ಕೆ 2016ರಲ್ಲಿ ಭೌಗೋಳಿಕ ಗುರುತು ದೊರೆತಿದೆ. ಸೀತಾಫಲ, ಸೀಬೆ, ದಾಳಿಂಬೆ ತೋಟಗಳೂ ಉಂಟು.

ಆ ತೋಟಗಳಲ್ಲಿ ಕೊಂಬೆಗೆ ನೇತುಹಾಕಿದ ಸಣ್ಣ ಪ್ಲಾಸ್ಟಿಕ್ ಡಬ್ಬಿಗಳನ್ನು ನೀವು ನೋಡಿರಬಹುದು. ಅದು ಹಣ್ಣಿನ ನೊಣದ ಬಲೆ. ಹೆಣ್ಣು ನೊಣ ಹಣ್ಣಿನ ಸಿಪ್ಪೆ ಚುಚ್ಚಿ ಮೊಟ್ಟೆಯಿಡುತ್ತದೆ; ಹೊರಗೆ ಚೆಲುವಾಗಿ ಕಾಣುವ ಸೀಬೆಯೊಳಗೆಲ್ಲ ಹುಳು. ಡಬ್ಬಿಯೊಳಗೆ ಮಿಥೈಲ್ ಯುಜೆನಾಲ್ ಎಂಬ ಸುಗಂಧ ದ್ರವ್ಯವನ್ನೂ ಸ್ವಲ್ಪ ಕೀಟನಾಶಕವನ್ನೂ ಹೀರಿಸಿದ ಚಿಕ್ಕ ತುಂಡೊಂದಿರುತ್ತದೆ. ಬರುವುದು ಗಂಡು ಮಾತ್ರ. ಯಾಕೆಂದರೆ ಗಂಡು ನೊಣ ಈ ದ್ರವ್ಯವನ್ನು ತಿಂದು, ಮೈಯಲ್ಲಿ ಮಾರ್ಪಡಿಸಿಕೊಂಡು, ಹೆಣ್ಣನ್ನು ಒಲಿಸಿಕೊಳ್ಳುವ ಗಂಧವನ್ನಾಗಿ ಬಳಸುತ್ತದೆ. ಅಂದರೆ ಅದು ಮದುವೆಗೆ ಅತ್ತರು ಕೊಳ್ಳಲು ಬಂದು ಅಂಗಡಿಯಲ್ಲೇ ಸಾಯುತ್ತದೆ. ಗಂಡುಗಳು ತೀರಿದರೆ ಸಂತಾನವಿಲ್ಲ.

ಇದರ ಮೂಲವೂ ನಮ್ಮ ದೇಶದಲ್ಲೇ. ಬಿಹಾರದ ಪೂಸಾ ಕೃಷಿ ಸಂಶೋಧನಾ ಸಂಸ್ಥೆಯಲ್ಲಿದ್ದ ಹೌಲೆಟ್ ಎಂಬ ಕೀಟಶಾಸ್ತ್ರಜ್ಞರು ಸಿಟ್ರೊನೆಲ್ಲಾ ಎಣ್ಣೆಗೆ ಗಂಡು ನೊಣಗಳು ಮುತ್ತುವುದನ್ನು 1912ರಲ್ಲಿ ವರದಿ ಮಾಡಿದರು. 1915ರ ಹೊತ್ತಿಗೆ ಅದರೊಳಗಿನ ಮಿಥೈಲ್ ಯುಜೆನಾಲೇ ಕಾರಣವೆಂದು ತೋರಿಸಿದರು. ಪೆಸಿಫಿಕ್ ಸಾಗರದ ರೋಟಾ ದ್ವೀಪದಿಂದ ಈ ಉಪಾಯದಿಂದಲೇ ನೊಣವನ್ನು ನಿರ್ಮೂಲಮಾಡಿದ ವಿಷಯ 1965ರಲ್ಲಿ ಪ್ರಕಟವಾಯಿತು.

ನಮ್ಮ ನೆರೆಯ ರೈತರೊಬ್ಬರು ವಾರಕರಿಗಳು. ಕೊರಳಲ್ಲಿ ತುಳಸಿಮಾಲೆ, ಮಾಂಸ ಮುಟ್ಟುವವರಲ್ಲ. ಒಮ್ಮೆ ಅವರನ್ನು ಈ ಬಗ್ಗೆ ಕೇಳಿದೆ. "ಸಾಹೇಬ್, ಔಷಧಿ ಹೊಡೆದರೆ ಜೇನೂ ಸಾಯುತ್ತದೆ, ಕೂಲಿಯವರ ಕಣ್ಣೂ ಉರಿಯುತ್ತದೆ. ಇದರಲ್ಲಿ ಅದೊಂದೂ ಇಲ್ಲ. ಆದರೂ ಡಬ್ಬಿ ಖಾಲಿ ಮಾಡುವಾಗ ಮಾಲೆಯನ್ನು ಅಂಗಿಯೊಳಗೆ ಸೇರಿಸಿಕೊಳ್ಳುತ್ತೇನೆ" ಎಂದರು. ತುಳಸಿಯಲ್ಲೂ ಅದೇ ಮಿಥೈಲ್ ಯುಜೆನಾಲ್ ಇದೆಯೆಂದು ನಾನು ಅವರಿಗೆ ಹೇಳಲಿಲ್ಲ.

ಇದೇ ಉಪಾಯ ಅಮೆರಿಕದಲ್ಲಿ ಬೇಟೆಯ ಮೋಜಿಗೆ ಬಳಕೆಯಾಗುತ್ತದೆ. ಅಲ್ಲಿ ಬಿಳಿಬಾಲದ ಜಿಂಕೆಯನ್ನು ಬಿಲ್ಲುಬಾಣದಿಂದ ಬೇಟೆಯಾಡುವ ಹವ್ಯಾಸವುಂಟು. ಬಂದೂಕಿನಂತೆ ಬಿಲ್ಲು ದೂರಕ್ಕೆ ಆಗದು. ಜಿಂಕೆ ಇಪ್ಪತ್ತು ಮೂವತ್ತು ಗಜದೊಳಗೆ ಬರಬೇಕು. ಅದಕ್ಕಾಗಿ ಬೆದೆಗೆ ಬಂದ ಹೆಣ್ಣು ಜಿಂಕೆಯ ಮೂತ್ರವನ್ನು ಸೀಸೆಗಳಲ್ಲಿ ತುಂಬಿ ಮಾರುತ್ತಾರೆ. ಬೇಟೆಗಾರ ಅದನ್ನು ಬಟ್ಟೆಯ ಚೂರಿಗೆ ಹಚ್ಚಿ, ಬೂಟಿನ ಹಿಂದೆ ಎಳೆದುಕೊಂಡು ಹೋಗಿ, ಮರದ ಮೇಲೆ ಕಾದು ಕೂರುತ್ತಾನೆ. ಸಂಗಾತಿಯನ್ನು ಅರಸುವ ಗಂಡು ಆ ಜಾಡು ಹಿಡಿದು ಬರುತ್ತದೆ. ಜಿಂಕೆಗಳ ಮಿದುಳನ್ನು ಕೊರೆಯುವ ಒಂದು ಕಾಯಿಲೆ, 1967ರಲ್ಲಿ ಕೊಲೊರಾಡೊದಲ್ಲಿ ಮೊದಲು ಕಂಡದ್ದು, ಈ ಮೂತ್ರದಿಂದ ಹರಡೀತೆಂಬ ಭಯದಿಂದ ಕೆಲವು ರಾಜ್ಯಗಳು ಇದನ್ನು ನಿಷೇಧಿಸಿವೆ. ಆದರೆ ಅದು ರೋಗದ ಭಯ, ಧರ್ಮದ ವಿಚಾರವಲ್ಲ.

ಬೇಟೆಗಾರರ ಸಮರ್ಥನೆಯನ್ನೂ ಕೇಳಬೇಕು. ತೋಳ ಮೊದಲಾದ ಮೃಗಗಳು ಅಳಿದ ಕಡೆ ಜಿಂಕೆ ಹೆಚ್ಚಿ ಬೆಳೆ ಹಾಳಾಗುತ್ತದೆ. ಹತ್ತಿರ ಬಂದ ಜಿಂಕೆಗೆ ಬಾಣ ಸರಿಯಾಗಿ ತಗುಲಿ ಬೇಗ ಸಾಯುತ್ತದೆ, ದೂರದಿಂದ ಹೊಡೆದರೆ ಗಾಯಗೊಂಡು ನರಳುತ್ತದೆ. ಮರದ ಮರೆಯಲ್ಲಿ ಅಡಗುವುದೂ ಮೋಸವೇ ಅಲ್ಲವೇ, ವಾಸನೆಯೊಂದನ್ನೇ ಯಾಕೆ ದೂರುತ್ತೀರಿ? ಸುಲಭವಾಗಿ ತಳ್ಳಿಹಾಕುವ ಮಾತುಗಳಲ್ಲ ಇವು. ಮರೆಯಿಂದ ಹೊಡೆದೆಯೆಂದು ವಾಲಿ ಆಕ್ಷೇಪಿಸಿದಾಗ ರಾಮನು ಕೊಟ್ಟ ಉತ್ತರಗಳಲ್ಲಿ ಇದೂ ಒಂದು: ಮನುಷ್ಯರು ಬಲೆಯಿಂದಲೂ ಪಾಶದಿಂದಲೂ ಮರೆಯಲ್ಲಿ ನಿಂತೂ ಮೃಗಗಳನ್ನು ಹಿಡಿಯುತ್ತಾರೆ, ಅದರಲ್ಲಿ ದೋಷವಿಲ್ಲ, ನೀನು ಶಾಖಾಮೃಗ.

ಆದರೆ ಇನ್ನೊಂದು ಕಥೆಯೂ ನಮ್ಮಲ್ಲಿದೆ. ಜಿಂಕೆಯ ರೂಪದಲ್ಲಿ ಪತ್ನಿಯೊಡನೆ ಕೂಡಿದ್ದ ಕಿಂದಮ ಮುನಿಯನ್ನು ಪಾಂಡುರಾಜ ಬಾಣದಿಂದ ಹೊಡೆದ. ಅರಸರಿಗೆ ಬೇಟೆ ವಿಹಿತವೆಂದು ವಾದಿಸಿದ. ಆಗ ಸಾಯುತ್ತಿದ್ದ ಮುನಿ ಹೇಳಿದ್ದು ಗಮನಾರ್ಹ. ಜಿಂಕೆಯನ್ನು ಕೊಂದೆಯೆಂದು ನಿನ್ನನ್ನು ದೂರುತ್ತಿಲ್ಲ. ಈ ಹೊತ್ತು ಮುಗಿಯುವವರೆಗೆ ನೀನು ಕಾಯಬಹುದಿತ್ತು. ಕೊಲೆಗಿಂತಲೂ ಆರಿಸಿಕೊಂಡ ಗಳಿಗೆಯೇ ಅಪರಾಧವೆಂದು ಮುನಿಯ ತೀರ್ಪು. ಶಾಪವೂ ಅದಕ್ಕೆ ತಕ್ಕದ್ದೇ: ಪಾಂಡು ಮಾದ್ರಿಯನ್ನು ಅಪ್ಪಿದಾಗ ಸತ್ತ. ಪಾಂಡುವಾದರೋ ಆ ಗಳಿಗೆಯನ್ನು ಕಂಡು ಹೊಡೆದ; ಸೀಸೆ ಹಿಡಿದವನು ಆ ಗಳಿಗೆಯನ್ನು ತಾನೇ ಸೃಷ್ಟಿಸಿ ಹೊಡೆಯುತ್ತಾನೆ.

ಇಲ್ಲಿಂದ ನನಗೆ ಒಂದು ಭೇದ ಹೊಳೆಯುತ್ತದೆ. ಇಪ್ಪತ್ತು ವರ್ಷ ಕಡತಗಳ ನಡುವೆ ಕಳೆದವನ ದೃಷ್ಟಾಂತವೆಂದು ವಾಚಕರು ಕ್ಷಮಿಸಬೇಕು. ಒಂದು ವಿಷಯವನ್ನು ಹೇಳದೆ ಸುಮ್ಮನಿರುವುದು ಬೇರೆ, ಇನ್ನೊಬ್ಬರ ಸಹಿಯನ್ನು ತಾನೇ ಹಾಕಿ ಪತ್ರ ಕಳಿಸುವುದು ಬೇರೆ. ಅಡಗಿ ಕೂತವನು ಮೌನವಾಗಿದ್ದಾನೆ. ಜಿಂಕೆಯ ಕಣ್ಣು, ಕಿವಿ, ಮೂಗು ಚುರುಕಾಗಿದ್ದರೆ ಅದು ಉಳಿದೀತು. ವಾಸನೆ ಹಚ್ಚಿದವನು ಕಳ್ಳ ಸಹಿ ಹಾಕಿದ್ದಾನೆ. ಜಿಂಕೆ ನಮ್ಮನ್ನು ಎಂದೂ ನಂಬಿಲ್ಲ, ನಿಜ. ಅದು ನಂಬಿರುವುದು ತನ್ನ ಮೂಗನ್ನು, ತನ್ನ ಕುಲದ ಸಂಕೇತವನ್ನು. ಅಲ್ಲಿ ಚುರುಕಾದಷ್ಟೂ ಸಾವು ಹತ್ತಿರ.

ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಆಮಿಷ ಒಡ್ಡುವುದನ್ನೇ ಬೇಟೆಯ ವ್ಯಾಖ್ಯೆಯಲ್ಲಿ ಸೇರಿಸಿದೆ. ಆದ್ದರಿಂದ ಸಾಸವಡದ ಆಚೆ ಸುಪೆಯ ಮಯೂರೇಶ್ವರ ಅಭಯಾರಣ್ಯದ ಚಿಂಕಾರಗಳಿಗೆ ಕಾಯಿದೆಯ ಮಟ್ಟಿಗಾದರೂ ಈ ಭಯವಿಲ್ಲ. ಆದರೆ ನಾವೇನೂ ಈ ವಿದ್ಯೆಯನ್ನು ಅರಿಯದವರಲ್ಲ. ಕರು ಸತ್ತಾಗ ಅದರ ಚರ್ಮಕ್ಕೆ ಹುಲ್ಲು ತುಂಬಿ ತಾಯಿಯ ಮುಂದೆ ನಿಲ್ಲಿಸಿ ಹಾಲು ಕರೆಯುವುದನ್ನು ಹಳ್ಳಿಯಿಂದ ಬಂದ ಹಿರಿಯರು ಬಲ್ಲರು. ತಾಯಿ ಆ ವಾಸನೆ ನೋಡಿ, ನೆಕ್ಕಿ, ತೊರೆಬಿಡುತ್ತಾಳೆ. ಅಲ್ಲಿ ಕೊಲೆಯಿಲ್ಲ, ಆದರೂ ನೋಡಿದವರ ಮನಸ್ಸು ಮರುಗದೆ ಇರದು. ಆಕೆ ಮನುಷ್ಯನನ್ನೂ ನಂಬಿ ನಿಂತವಳು.

ಹಾಗಾದರೆ ವಾಸನೆಯ ಬಲೆ ಎಲ್ಲ ಕಾಲಕ್ಕೂ ನಿಷಿದ್ಧವೇ? 2018ರಲ್ಲಿ ಯವತಮಾಳದ ಪಾಂಢರಕವಡಾ ಕಾಡಿನಲ್ಲಿ ಹದಿಮೂರು ಸಾವುಗಳ ಆರೋಪ ಹೊತ್ತ 'ಅವನಿ' ಎಂಬ ಹೆಣ್ಣು ಹುಲಿಯನ್ನು ಸೆಳೆಯಲು ಕ್ಯಾಲ್ವಿನ್ ಕ್ಲೈನ್ ಸೆಂಟನ್ನೂ ಇನ್ನೊಂದು ಹುಲಿಯ ಮೂತ್ರವನ್ನೂ ಬಳಸಿದರೆಂದು ಪತ್ರಿಕೆಗಳು ವರದಿ ಮಾಡಿದ್ದವು. ಆ ಸೆಂಟಿನಲ್ಲಿ ನಮ್ಮ ಪುನುಗನ್ನು ಹೋಲುವ ಕೃತಕ ದ್ರವ್ಯವಿದೆಯಂತೆ. ಮೊದಲು ಅರಿವಳಿಕೆ ಕೊಟ್ಟು ಹಿಡಿಯಬೇಕು, ಆಗದಿದ್ದರೆ ಮಾತ್ರ ಕೊಲ್ಲಬೇಕೆಂದು ಆದೇಶವಿತ್ತು. ನವೆಂಬರ್ 2ರ ರಾತ್ರಿ ಎರಡು ಮರಿಗಳ ತಾಯಿಯಾಗಿದ್ದ ಅದು ಗುಂಡಿಗೆ ಬಲಿಯಾಯಿತು. ಹಿಡಿಯಲು ನಿಜವಾಗಿ ಯತ್ನಿಸಿದರೇ ಎಂಬ ವಿವಾದ ಎದ್ದಿತು. ಹಿಡಿದು ಉಳಿಸುವುದಕ್ಕಾಗಿ ಸೆಂಟು ಎರಚಿದ್ದರೆ ಅದು ಮಗುವಿಗೆ ಬೆಲ್ಲದಲ್ಲಿ ಕಹಿಮದ್ದು ಕೊಟ್ಟಂತೆ. ಯಾರೂ ಅದನ್ನು ಮೋಸವೆನ್ನಲಾರರು. ಊರ ಜನರ ಪ್ರಾಣಕ್ಕಾಗಿ, ಬೇರೆ ದಾರಿಯೇ ಇಲ್ಲದೆ ಕೊಂದರೆ ಅದು ದುಃಖದ ಕರ್ತವ್ಯ. ಬೇರೆ ದಾರಿಯಿದ್ದೂ ಸುಲಭವೆಂದು ಇದನ್ನು ಹಿಡಿದರೆ ಅದೇ ವಾಸನೆ ಅಧರ್ಮವಾಗುತ್ತದೆ.

ಆದ್ದರಿಂದ ನನ್ನ ಅಲ್ಪಮತಿಗೆ ತೋರುವುದಿಷ್ಟು. ಸುಳ್ಳು ಸಂಕೇತದಿಂದ ಜೀವಿಯನ್ನು ಕರೆಯುವುದು ಸ್ವಭಾವತಃ ಕೆಟ್ಟದ್ದು. ಅನ್ನದ, ಪ್ರಾಣದ ಅಗತ್ಯ ಮಾತ್ರ ಅದನ್ನು ಸಹ್ಯವಾಗಿಸುತ್ತದೆ, ಒಳ್ಳೆಯದನ್ನಾಗಿಸುವುದಿಲ್ಲ. ನೆರೆಯ ರೈತನ ಡಬ್ಬಿಯನ್ನು ನಾನು ಒಪ್ಪುತ್ತೇನೆ: ಅವನ ವರ್ಷದ ಅನ್ನ ಅಲ್ಲಿದೆ, ಬದಲಿಯಾದ ವಿಷಸಿಂಪಡಣೆ ಇನ್ನೂ ಕ್ರೂರ. ಹವ್ಯಾಸದ ಬೇಟೆಗಾರನ ಸೀಸೆಯನ್ನು ಒಪ್ಪಲಾರೆ. ಜಿಂಕೆ ಹೆಚ್ಚಿದ್ದು ನಿಜವೇ ಆದರೆ ಅದನ್ನು ತಗ್ಗಿಸಲು ಬಂದೂಕಿದೆ. ಬಿಲ್ಲನ್ನು ಹಿಡಿದದ್ದು ಆಟ ಕಠಿಣವಾಗಲೆಂದು. ಆ ಕಾಠಿಣ್ಯವನ್ನು ಸುಳ್ಳಿನಿಂದ ಕಳೆದುಕೊಂಡರೆ ಆಟವೂ ಉಳಿಯಲಿಲ್ಲ, ನ್ಯಾಯವೂ ಉಳಿಯಲಿಲ್ಲ.

ಪುಣ್ಯಕೋಟಿಯ ಕಥೆಯನ್ನು ನಾವು ಪರನಾಡಿನಲ್ಲಿ ಹುಟ್ಟಿದ ಮಕ್ಕಳಿಗೂ ತಪ್ಪದೆ ಹೇಳಿಕೊಡುತ್ತೇವೆ. ಆ ಹಸು ಸತ್ಯವನ್ನು ನಡೆಸಿದ್ದು ಸಜ್ಜನರೊಡನೆಯಲ್ಲ, ತನ್ನನ್ನು ತಿನ್ನಬಂದ ಹುಲಿಯೊಡನೆ. ಮೃಗದ ಮುಂದೂ ಮಾತಿಗೆ ಬೆಲೆಯಿದೆಯೆಂಬುದೇ ಅದರ ಸಾರ. ಇನ್ನೊಬ್ಬರ ಹಂಬಲವನ್ನು ಗಾಳವಾಗಿಸಬಹುದೆಂದು ಒಮ್ಮೆ ಕಲಿತ ಕೈ ಜಿಂಕೆಯ ಬಳಿಯೇ ನಿಲ್ಲುವುದಿಲ್ಲ. ಕೆಲಸಕ್ಕಾಗಿ ಊರು ಬಿಟ್ಟು ಬಂದ ಹುಡುಗರಿಗೆ ನೌಕರಿಯ ಆಸೆ ತೋರಿಸಿ ಹಣ ಕೀಳುವವರೂ, ವರನಿಲ್ಲದೆ ಕೊರಗುವ ಮನೆಗೆ ಸುಳ್ಳು ಜಾತಕ ತರುವವರೂ ಹಚ್ಚುವುದು ಇದೇ ವಾಸನೆಯನ್ನೇ.